ಹೀಟ್ ಸಿಂಕ್: ಲ್ಯಾಪ್‌ಟಾಪ್‌ನ ಬಿಸಿ ಹೊರಗೆ ಹೋಗುವ ದಾರಿ

ಲ್ಯಾಪ್‌ಟಾಪ್‌ನ ತಳದ ಮುಚ್ಚಳ ಬಿಚ್ಚಿದರೆ ಒಂದೆರಡು ಚಪ್ಪಟೆ ತಾಮ್ರದ ಕೊಳವೆ ಕಾಣುತ್ತವೆ. ಅವುಗಳ ಒಂದು ತುದಿ ಪ್ರೊಸೆಸರ್ ಚಿಪ್ ಮೇಲೆ ಕೂತಿರುತ್ತದೆ. ಇನ್ನೊಂದು ತುದಿ ಫ್ಯಾನ್ ಪಕ್ಕದ ತೆಳು ಲೋಹದ ರೆಕ್ಕೆಗಳಿಗೆ ಸೇರಿರುತ್ತದೆ. ಇಷ್ಟೂ ಸೇರಿ ಹೀಟ್ ಸಿಂಕ್.

ಇದು ತಾನಾಗಿ ಏನನ್ನೂ ತಂಪು ಮಾಡುವುದಿಲ್ಲ. ಚಿಪ್‌ನ ಬಿಸಿಯನ್ನು ರೆಕ್ಕೆಗಳವರೆಗೆ ಸಾಗಿಸುತ್ತದೆ, ಅಲ್ಲಿಂದಾಚೆಗೆ ಫ್ಯಾನ್‌ನ ಕೆಲಸ. ಕೊಳವೆಯೂ ಗಟ್ಟಿ ತಾಮ್ರವಲ್ಲ, ಒಳಗೆ ಟೊಳ್ಳು. ಗಾಳಿ ತೆಗೆದು ಚೂರು ನೀರು ಹಾಕಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ನೀರು 100 ಡಿಗ್ರಿಗೆ ಮೊದಲೇ ಆವಿಯಾಗಿ ರೆಕ್ಕೆಗಳ ಕಡೆ ಓಡುತ್ತದೆ. ಅಲ್ಲಿ ಬಿಸಿ ಬಿಟ್ಟು ಮತ್ತೆ ನೀರಾಗುತ್ತದೆ. ಒಳಗೋಡೆಯ ಸಣ್ಣ ರಂಧ್ರಗಳ ಪದರ ಅದನ್ನು ಹೀರಿ ವಾಪಸ್ ತರುತ್ತದೆ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಈ ಕೊಳವೆ ಮಾಡಿ ತೋರಿಸಿದ್ದು ಬಾಹ್ಯಾಕಾಶದ ಕೆಲಸಕ್ಕಾಗಿ. ಈಗ ನಮ್ಮ ತೊಡೆ ಮೇಲೆ ಬಂದು ಕೂತಿದೆ!

ಕೊಳವೆ ಮಡಚಿಹೋದರೆ ಅಥವಾ ತೂತಾದರೆ ಕಥೆ ಮುಗಿಯಿತು, ಹೊಸದೇ ಬೇಕು. ಅದು ಬಿಟ್ಟರೆ ಹೀಟ್ ಸಿಂಕ್ ಸುಲಭಕ್ಕೆ ಕೆಡುವ ವಸ್ತುವಲ್ಲ. ಲ್ಯಾಪ್‌ಟಾಪ್ ಕಾದು ನಿಧಾನವಾಗುತ್ತಿದ್ದರೆ ಮೊದಲು ಫ್ಯಾನ್ ಮತ್ತು ರೆಕ್ಕೆಗಳ ಸಂದಿ ನೋಡಿ. ಅಲ್ಲಿ ಧೂಳು, ಕೂದಲು ಸೇರಿ ಕಂಬಳಿ ತುಂಡಿನ ಹಾಗೆ ಕೂತಿರುತ್ತದೆ. ಎಷ್ಟೋ ಸಲ ಅದನ್ನು ತೆಗೆದರೇ ಸಾಕು.

ಇನ್ನೊಂದು ಕಾರಣ ಚಿಪ್‌ಗೂ ತಾಮ್ರಕ್ಕೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರುವುದು. ಚಿಪ್ಪೂ ತಾಮ್ರವೂ ನುಣುಪಾಗಿ ಕಂಡರೂ ನಡುವೆ ಸಣ್ಣ ಸಣ್ಣ ಗುಳಿಗಳಿರುತ್ತವೆ, ಅವುಗಳಲ್ಲಿ ಗಾಳಿ. ಪೇಸ್ಟ್ ಆ ಗುಳಿಗಳನ್ನು ತುಂಬುತ್ತದೆ. ಬಿಸಿ ಸಾಗಿಸುವ ಲೆಕ್ಕದಲ್ಲಿ ಗಾಳಿಗೆ ಸುಮಾರು 0.026 ಅಂಕ, ಒಳ್ಳೆಯ ಪೇಸ್ಟ್‌ಗೆ 5ರಿಂದ 10, ತಾಮ್ರಕ್ಕೆ 400ರ ಹತ್ತಿರ. ಅಂದರೆ ಪೇಸ್ಟ್ ಗಾಳಿಗಿಂತ ಎಷ್ಟೋ ಮೇಲು, ತಾಮ್ರದ ಮುಂದೆ ಏನೂ ಅಲ್ಲ. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅನ್ನುವುದು ಬರೀ ನಂಬಿಕೆ. ಚಿಪ್ ಮುಚ್ಚುವಷ್ಟು ತೆಳುವಾಗಿ ಹಚ್ಚಿದರೆ ಆಯಿತು.

ಬಿಚ್ಚುವಾಗ ಅವಸರ ಬೇಡ. ಮೊದಲು ಲ್ಯಾಪ್‌ಟಾಪನ್ನು ಸ್ವಲ್ಪ ಹೊತ್ತು ಓಡಿಸಿ, ಹಳೇ ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಆಫ್ ಮಾಡಿ, ಚಾರ್ಜರ್ ತೆಗೆದು, ಮುಚ್ಚಳ ಬಿಚ್ಚಿದ ಕೂಡಲೇ ಬ್ಯಾಟರಿ ಕನೆಕ್ಟರ್ ಬಿಡಿಸಿ. ಹೀಟ್ ಸಿಂಕ್‌ನ ಸ್ಕ್ರೂಗಳ ಪಕ್ಕ ಸಾಮಾನ್ಯವಾಗಿ 1, 2, 3, 4 ಅಂತ ಅಚ್ಚಾಗಿರುತ್ತದೆ. ಬಿಗಿ ಮಾಡುವಾಗ ಆ ಕ್ರಮ, ಬಿಚ್ಚುವಾಗ ತಿರುಗಾಮುರುಗಾ. ಒಂದನ್ನೇ ಪೂರ್ತಿ ತಿರುಗಿಸಬೇಡಿ, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಡೆಸ್ಕ್‌ಟಾಪ್ ಪ್ರೊಸೆಸರ್‌ಗೆ ಮೇಲೆ ಲೋಹದ ಹೊದಿಕೆ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಸಿಲಿಕಾನ್ ಬರಿ ಮೈಯಲ್ಲೇ ಇರುತ್ತದೆ. ಭಾರ ಒಂದೇ ಕಡೆ ಬಿದ್ದರೆ ಮೂಲೆ ಒಡೆಯಬಹುದು. ಅಂಟಿಕೊಂಡಿದ್ದರೆ ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಿಸಿ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸುವುದು ಮಾತ್ರ ಬೇಡವೇ ಬೇಡ.

ಹಳೇ ಪೇಸ್ಟ್ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ. ಪಕ್ಕದ ಚಿಪ್‌ಗಳ ಮೇಲೆ ಬಿಸಿ ಸಾಗಿಸಲು ಇಟ್ಟಿರುವ ಮೆತ್ತನೆ ಥರ್ಮಲ್ ಪ್ಯಾಡ್ ಹರಿದಿದ್ದರೆ ಅಷ್ಟೇ ದಪ್ಪದ್ದು ತನ್ನಿ. 1 ಮಿಲಿಮೀಟರ್ ಇದ್ದ ಕಡೆ 1.5 ಹಾಕಿದರೆ ಹೀಟ್ ಸಿಂಕ್ ಎದ್ದು ನಿಂತು ಪ್ರೊಸೆಸರ್‌ಗೆ ಸರಿಯಾಗಿ ತಾಗುವುದೇ ಇಲ್ಲ.

ಹೊಸ ಹೀಟ್ ಸಿಂಕ್ ಬೇಕೆಂದು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೊರಟರೆ ಮಾಡೆಲ್ ಹೆಸರು ಹೇಳಿದರೆ ಸಾಲದು. ಒಂದೇ ಮಾಡೆಲ್‌ನಲ್ಲಿ ಗ್ರಾಫಿಕ್ಸ್ ಚಿಪ್ ಇರುವುದಕ್ಕೂ ಇಲ್ಲದ್ದಕ್ಕೂ ಬೇರೆ ಬೇರೆ ಹೀಟ್ ಸಿಂಕ್ ಇರಬಹುದು. ಹಳೆಯದರ ಮೇಲಿನ ಪಾರ್ಟ್ ನಂಬರ್ ಫೋಟೋ ತೆಗೆದುಕೊಂಡು ಹೋಗಿ. ಸಾಧ್ಯವಾದರೆ ಹಳೆಯದನ್ನೇ ಕೈಯಲ್ಲಿ ಹಿಡಿದು ಹೋಗಿ.