17ರ ಗೆರೆ: ಕೀರಾ ಕೊರ್ಪಿಯ ಕಾಲ ಮತ್ತು ಸ್ಕೇಟಿಂಗಿನ ವಯಸ್ಸಿನ ಜಗಳ

ಫಿನ್ಲೆಂಡಿನ ಫಿಗರ್ ಸ್ಕೇಟರ್ ಕೀರಾ ಕೊರ್ಪಿ 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಕಣಕ್ಕಿಳಿದಾಗ ಅವರಿಗೆ 17 ತುಂಬಿತ್ತು. ಆದರೂ ಸೀನಿಯರ್ ವಿಭಾಗಕ್ಕೆ 17 ತುಂಬಿರಬೇಕೆಂಬ ಇಂದಿನ ನಿಯಮ ಆಗ ಇದ್ದಿದ್ದರೆ ಅವರಿಗೆ ಅಲ್ಲಿ ಜಾಗ ಸಿಗುತ್ತಿರಲಿಲ್ಲ. ಫಿಗರ್ ಸ್ಕೇಟಿಂಗ್‌ನಲ್ಲಿ ವಯಸ್ಸು ಲೆಕ್ಕ ಹಾಕುವುದು ಸ್ಪರ್ಧೆಯ ದಿನಕ್ಕಲ್ಲ, ಅದರ ಹಿಂದಿನ ಜುಲೈ 1ಕ್ಕೆ. ಕೊರ್ಪಿ ಹುಟ್ಟಿದ್ದು 1988ರ ಸೆಪ್ಟೆಂಬರ್ 26ರಂದು. 2005ರ ಜುಲೈನಲ್ಲಿ ಅವರಿಗಿನ್ನೂ 16. ನಿವೃತ್ತಿಯ ನಂತರ ಎಳೆಯ ಸ್ಕೇಟರ್‌ಗಳ ಮೇಲಾಗುವ ದೌರ್ಜನ್ಯದ ಬಗ್ಗೆ ಗಟ್ಟಿಯಾಗಿ ಮಾತಾಡಿದವರಲ್ಲಿ ಇದೇ ಕೊರ್ಪಿ ಒಬ್ಬರು.

1920ರ ಆಂಟ್‌ವರ್ಪ್‌ನಲ್ಲಿ ಲುಡೋವಿಕಾ ಮತ್ತು ವಾಲ್ಟರ್ ಯಾಕೊಬ್ಸನ್ ದಂಪತಿ ಜೋಡಿ ವಿಭಾಗದ ಚಿನ್ನ ಗೆದ್ದ ದೇಶಕ್ಕೆ, ಮಹಿಳಾ ಸಿಂಗಲ್ಸ್‌ನಲ್ಲಿ ಮೊದಲ ಯುರೋಪಿಯನ್ ಚಾಂಪಿಯನ್‌ಷಿಪ್ ಪದಕ ಬಂದಿದ್ದು 2005ರಲ್ಲಿ, ಸುಸಾನ್ನಾ ಪೋಯ್ಕಿಯೊ ಮೂಲಕ. ಆಮೇಲೆ ಪದಕಗಳು ಸಾಲಾಗಿ ಬಂದವು. 2007ರಲ್ಲಿ ಕೊರ್ಪಿಗೆ ಕಂಚು. 2009ರಲ್ಲಿ ಹೆಲ್ಸಿಂಕಿಯಲ್ಲೇ ಲೌರಾ ಲೆಪಿಸ್ಟೊಗೆ ಚಿನ್ನ, ಪೋಯ್ಕಿಯೊಗೆ ಕಂಚು. 2010ರಲ್ಲಿ ಲೆಪಿಸ್ಟೊಗೆ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು. ಕೊರ್ಪಿಗೆ ಯುರೋಪಿಯನ್‌ನಲ್ಲಿ ಮತ್ತೆ 2011ರಲ್ಲಿ ಕಂಚು, 2012ರಲ್ಲಿ ಬೆಳ್ಳಿ.

ಇದು ಕಾಕತಾಳೀಯವಲ್ಲ. 2002ರ ಸಾಲ್ಟ್ ಲೇಕ್ ಒಲಿಂಪಿಕ್ಸ್ ತೀರ್ಪಿನ ಹಗರಣದ ನಂತರ, ಒಟ್ಟು ಪ್ರದರ್ಶನಕ್ಕೆ ಗರಿಷ್ಠ 6.0 ಅಂಕ ಕೊಡುವ ಹಳೆಯ ಪದ್ಧತಿ ಹೋಗಿ, 2004ರಿಂದ ಪ್ರತಿ ಜಿಗಿತಕ್ಕೂ ಒಂದು ಮೂಲ ಬೆಲೆ ಬಂತು. ಟ್ರಿಪಲ್ ಲಟ್ಜ್‌ಗೆ, ಅಂದರೆ ಲಟ್ಜ್ ಎಂಬ ಜಿಗಿತವನ್ನು ಮೂರು ಸುತ್ತು ಹಾಕಿದರೆ, 6.0 ಅಂಕ. ಅದರ ಜೊತೆಗೆ ಸ್ಕೇಟಿಂಗ್ ಕೌಶಲ, ಸಂಯೋಜನೆಯಂಥ ಐದು ಅಂಶಗಳಿಗೆ ತಲಾ 10ರಂತೆ ಅಂಕ. ಮಹಿಳೆಯರ ಫ್ರೀ ಸ್ಕೇಟ್‌ನಲ್ಲಿ, ಅಂದರೆ ಸ್ಪರ್ಧೆಯ ಎರಡನೇ ಉದ್ದದ ಪ್ರದರ್ಶನದಲ್ಲಿ, ಅವನ್ನು ಕೂಡಿ 1.6ರಿಂದ ಗುಣಿಸಿದರೆ ಗರಿಷ್ಠ 80. ಆಗ ಮಹಿಳೆಯರ ಸ್ಪರ್ಧೆಯಲ್ಲಿ ಕ್ವಾಡ್, ಅಂದರೆ ನಾಲ್ಕು ಸುತ್ತಿನ ಜಿಗಿತ, ಇರಲಿಲ್ಲವೆನ್ನಬಹುದು. ಟ್ರಿಪಲ್‌ಗಳ ನಡುವಿನ ಒಂದೆರಡು ಅಂಕಗಳ ಅಂತರವನ್ನು ವೇಗ, ಆಳವಾದ ಎಡ್ಜ್ (ಬ್ಲೇಡಿನ ಅಂಚಿನ ಮೇಲೆ ವಾಲಿ ಜಾರುವುದು), ಅಚ್ಚುಕಟ್ಟಾದ ಇಳಿತದಿಂದ ತುಂಬಿಕೊಳ್ಳಬಹುದಿತ್ತು. ಫಿನ್ಲೆಂಡಿನವರು ಪಳಗಿದ್ದು ಇದರಲ್ಲೇ.

ತಪ್ಪಿದರೆ ಮಾತ್ರ ದಂಡ ದುಬಾರಿ. ಲಟ್ಜ್ ಜಿಗಿಯಬೇಕಾದ್ದು ಬ್ಲೇಡಿನ ಹೊರ ಎಡ್ಜ್‌ನಿಂದ, ಆದರೆ ಸುತ್ತುವುದು ಅದಕ್ಕೆ ವಿರುದ್ಧ ದಿಕ್ಕಿಗೆ. ಹಾಗಾಗಿ ಕೊನೆಯ ಕ್ಷಣದಲ್ಲಿ ಕಾಲು ಒಳ ಎಡ್ಜ್‌ಗೆ ವಾಲುತ್ತದೆ, ಅಂಕ ಕಡಿತವಾಗುತ್ತದೆ. ಸುತ್ತು ಸಾಲದಿದ್ದರೆ ಇನ್ನೂ ಕಷ್ಟ: 2010ರವರೆಗೆ ಕಾಲು ಸುತ್ತಿಗಿಂತ ಹೆಚ್ಚು ಕೊರತೆಯಾದರೆ ಟ್ರಿಪಲ್ ಲಟ್ಜ್‌ಗೆ ಡಬಲ್‌ನ ಬೆಲೆಯಷ್ಟೇ, ಅಂದರೆ 6.0 ಇದ್ದದ್ದು 1.9. ಆ ವರ್ಷದಿಂದ ಕೊರತೆ ಅರ್ಧ ಸುತ್ತಿನೊಳಗಿದ್ದರೆ 70% ಕೊಡತೊಡಗಿದರು.

ದೇಹ ತೆರುವ ಬೆಲೆ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಪ್ರತಿ ಇಳಿತದಲ್ಲೂ ಮೈತೂಕದ ಹಲವು ಪಟ್ಟು ಹೊರೆ ಒಂದೇ ಕಾಲಿನ ಮೇಲೆ ಬೀಳುತ್ತದೆ; ಗಟ್ಟಿ ಬೂಟು ಕಣಕಾಲನ್ನು ಪೂರ್ತಿ ಬಾಗಗೊಡುವುದಿಲ್ಲ, ಹಿಮ್ಮಡಿಯ ಹಿಂಭಾಗವನ್ನು ಒತ್ತುತ್ತಲೇ ಇರುತ್ತದೆ. ಲೆಪಿಸ್ಟೊ 2012ರಲ್ಲಿ, 23ರ ಹರೆಯದಲ್ಲಿ, ಬೆನ್ನಿನ ತೊಂದರೆಯಿಂದ ನಿವೃತ್ತರಾದರು. ಕೊರ್ಪಿಗೆ ಅಕಿಲಿಸ್ ಸ್ನಾಯುರಜ್ಜಿನ ಗಾಯದಿಂದ 2014ರ ಸೋಚಿ ಒಲಿಂಪಿಕ್ಸ್ ತಪ್ಪಿತು. ಅಲ್ಲಿ ಜನರ ಕಣ್ಮಣಿಯಾದವಳು ರಷ್ಯಾದ 15ರ ಯೂಲಿಯಾ ಲಿಪ್ನಿಟ್ಸ್ಕಾಯಾ. 19ಕ್ಕೆಲ್ಲ ಅವಳೂ ಆಟ ಬಿಟ್ಟಿದ್ದಳು. 2015ರ ಸ್ಟಾಕ್‌ಹೋಮ್ ಯುರೋಪಿಯನ್‌ನಲ್ಲಿ 26ರ ಕೊರ್ಪಿ ನಾಲ್ಕನೆಯವರು. ಮೇಲಿನ ಮೂವರು ರಷ್ಯನ್ನರಲ್ಲಿ ಇಬ್ಬರಿಗೆ 16. ಅದೇ ವರ್ಷ ಕೊರ್ಪಿ ನಿವೃತ್ತಿ ಘೋಷಿಸಿದರು.

ಅಸಲಿ ತಿರುವು ಬಂದದ್ದು ಆಮೇಲೆ. 2018ರಲ್ಲಿ ರಷ್ಯಾದ 13ರ ಅಲೆಕ್ಸಾಂಡ್ರಾ ಟ್ರುಸೋವಾ ಜೂನಿಯರ್ ವಿಶ್ವ ಕೂಟದಲ್ಲಿ ಎರಡು ಬಗೆಯ ಕ್ವಾಡ್ ಹಾಕಿದಳು. ಗಾಳಿಯಲ್ಲಿರುವ ಸಮಯ ಮುಕ್ಕಾಲು ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ನಾಲ್ಕು ಸುತ್ತು ಮುಗಿಯಬೇಕಾದರೆ ಮೈ ಕಿರಿದಾಗಿರಬೇಕು. ಸೊಂಟ, ಭುಜ ಅಗಲವಾದಷ್ಟೂ ಸುತ್ತುವ ವೇಗ ಇಳಿಯುತ್ತದೆ. ಕ್ವಾಡ್ ಲಟ್ಜ್‌ಗೆ 11.5, ಟ್ರಿಪಲ್ ಲಟ್ಜ್‌ಗೆ 5.9 ಎಂದು ಪಟ್ಟಿ ಹೇಳುವಾಗ, ಕೌಶಲದ ಅಂಕಕ್ಕೆ ಮಾತ್ರ ಅದೇ 80ರ ಮಿತಿ. ಈ ಲೆಕ್ಕ ಹಾಕಲು ಯಾವ ತರಬೇತುದಾರರಿಗೂ ಗಣಿತದ ಪದವಿ ಬೇಕಿರಲಿಲ್ಲ.

ವಯಸ್ಸಿನ ಗೆರೆ ಹೊಸದೇನಲ್ಲ. 1996ರಲ್ಲೇ ಸೀನಿಯರ್ ವಿಭಾಗಕ್ಕೆ 15 ಎಂದು ಬಂತು. ಆದರೆ ಆಗಲೇ ವಿಶ್ವ ಚಾಂಪಿಯನ್‌ಷಿಪ್ ಆಡಿದ್ದವರಿಗೆ ವಿನಾಯಿತಿ ಸಿಕ್ಕಿತು, ಹಾಗಾಗಿ ಟಾರಾ ಲಿಪಿನ್‌ಸ್ಕಿ 14ಕ್ಕೆ ವಿಶ್ವ ಚಾಂಪಿಯನ್ ಆದರು. ಜಪಾನಿನ ಮಾವೊ ಅಸಾದಾ 87 ದಿನಗಳ ಕೊರತೆಯಿಂದ ಟ್ಯೂರಿನ್ ಕಳೆದುಕೊಂಡರು. 2022ರ ಬೀಜಿಂಗ್‌ನಲ್ಲಿ ರಷ್ಯಾದ 15ರ ಕಮಿಲಾ ವಲಿಯೇವಾಳ ಮಾದರಿಯಲ್ಲಿ ನಿಷೇಧಿತ ಟ್ರೈಮೆಟಾಜಿಡಿನ್ ಪತ್ತೆಯಾಗಿ ಇಡೀ ಕೂಟವೇ ಗೊಂದಲಕ್ಕೆ ಬಿದ್ದ ಮೇಲೆ, ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಜೂನ್‌ನಲ್ಲಿ ಫುಕೆಟ್‌ನಲ್ಲಿ ಸೇರಿ ಭಾರೀ ಬಹುಮತದಿಂದ ಗೆರೆಯನ್ನು 17ಕ್ಕೆ ಏರಿಸಿತು: 2023–24ಕ್ಕೆ 16, 2024–25ರಿಂದ 17. ನಿಯಮ ಯಾವಾಗಲೂ ಒಂದು ಒಲಿಂಪಿಕ್ಸ್ ಹಿಂದೆಯೇ ಓಡುತ್ತದೆ.

ಕ್ವಾಡ್ ಇಲ್ಲದೆಯೂ ಜಪಾನಿನ ಕಾವೊರಿ ಸಾಕಾಮೊಟೊ 2022ರಿಂದ 2024ರವರೆಗೆ ಸತತ ಮೂರು ಬಾರಿ ವಿಶ್ವ ಚಾಂಪಿಯನ್ ಆದದ್ದನ್ನು ಸುಧಾರಣೆಯ ಫಲವೆಂದು ತೋರಿಸುವವರಿದ್ದಾರೆ. ಆದರೆ ಮೊದಲ ಗೆಲುವು ಬಂದಿದ್ದೇ ಫುಕೆಟ್ ಮತದಾನಕ್ಕೆ ಮುಂಚೆ, ಮತ್ತು ಉಕ್ರೇನ್ ಯುದ್ಧದ ಕಾರಣ 2022ರ ಮಾರ್ಚ್‌ನಿಂದ ರಷ್ಯನ್ನರು ಕಣದಲ್ಲೇ ಇರಲಿಲ್ಲ. ಇತ್ತ ಜೂನಿಯರ್ ವಿಭಾಗಕ್ಕೆ 13 ತುಂಬಿದರೆ ಸಾಕು ಎಂಬ ನಿಯಮ ಹಾಗೇ ಉಳಿಯಿತು. ಅಲ್ಲಿನ ಫ್ರೀ ಸ್ಕೇಟ್‌ನಲ್ಲಿ ಕ್ವಾಡ್‌ಗೆ ತಡೆಯಿಲ್ಲ, ಮೂಲ ಬೆಲೆಯೂ ಸೀನಿಯರ್‌ಗೆ ಇರುವಷ್ಟೇ.