ಪುಟದಲ್ಲಿ ಆರಡಿ, ತೆರೆಯ ಮೇಲೆ ಎಷ್ಟು?

ರೇಮಂಡ್ ಚಾಂಡ್ಲರ್ 1939ರಲ್ಲಿ ಬರೆದ ‘ದಿ ಬಿಗ್ ಸ್ಲೀಪ್’ ಕಾದಂಬರಿಯ ಆರಂಭದಲ್ಲೇ ಸಿರಿವಂತರ ಮನೆಯ ಕಿರಿಮಗಳು ಪತ್ತೇದಾರ ಫಿಲಿಪ್ ಮಾರ್ಲೋನನ್ನು ನೋಡಿ, ಎತ್ತರ ಇದ್ದೀಯಲ್ಲ ಎನ್ನುತ್ತಾಳೆ. 1946ರ ಸಿನಿಮಾದಲ್ಲಿ ಅದೇ ಹುಡುಗಿ, ನೀನೇನು ಅಷ್ಟು ಎತ್ತರ ಇಲ್ಲವಲ್ಲ ಎಂದು ಕೇಳುತ್ತಾಳೆ. ಪಾತ್ರ ಹಂಫ್ರಿ ಬೊಗಾರ್ಟ್ ಪಾಲಿಗೆ ಬಂದಿತ್ತು. ನಟನಿಗೆ ತಕ್ಕಂತೆ ಮಾತನ್ನೇ ತಿರುಗಿಸಿದ್ದರು.

ಐದು ವರ್ಷ ಮೊದಲು ಸ್ಯಾಮ್ ಸ್ಪೇಡ್ ಎಂಬ ಇನ್ನೊಬ್ಬ ಪತ್ತೇದಾರನ ಪಾತ್ರದಲ್ಲೂ ಹೀಗೇ ಆಗಿತ್ತು. ಡ್ಯಾಶಿಯಲ್ ಹ್ಯಾಮೆಟ್ ಬರೆದ ಸ್ಪೇಡ್ ಹೊಂಗೂದಲಿನ, ಆರಡಿಯ ಆಳು. ನಟ ಜಾರ್ಜ್ ರಾಫ್ಟ್ ಬೇಡವೆಂದ ಮೇಲೆ ಆ ಪಾತ್ರವೂ ಕಪ್ಪುಗೂದಲಿನ ಬೊಗಾರ್ಟ್‌ಗೇ ಹೋಯಿತು. ಇವತ್ತು ಸ್ಪೇಡ್ ಎಂದರೆ ನಮ್ಮ ಕಣ್ಣಿಗೆ ಬರುವುದು ಅವನ ಮುಖವೇ.

ಇದು ಸಾಧ್ಯವಾಗಿದ್ದು ಹೇಗೆ? ಮಾರ್ಲೋನ ಕತೆಗಳನ್ನು ಹೇಳುವವನು ಮಾರ್ಲೋನೇ. ಅವನ ಮುಖ ನಮಗೆ ಸರಿಯಾಗಿ ಕಾಣುವುದೇ ಇಲ್ಲ. ಕಿವಿಯಲ್ಲಿ ಉಳಿಯುವುದು ಅವನ ದನಿ, ಆ ದನಿಯಲ್ಲಿರುವ ದಣಿವು, ಹಣಕ್ಕೆ ಬಗ್ಗದ ಹಟ. ಬೊಗಾರ್ಟ್ ಕೊಟ್ಟಿದ್ದು ಅದನ್ನೇ. ಪಿಸ್ತೂಲಿಲ್ಲದೆಯೂ ಗಟ್ಟಿಗನಾಗಿ ಕಾಣಬಲ್ಲ ನಟ ಎಂದು ಚಾಂಡ್ಲರ್ ಕೂಡ ಮೆಚ್ಚಿದ್ದ. 1947ರಲ್ಲಿ ರಾಬರ್ಟ್ ಮಾಂಟ್ಗೊಮರಿ ತಾನೇ ನಿರ್ದೇಶಿಸಿ ಮಾರ್ಲೋ ಆದಾಗ ಕ್ಯಾಮೆರಾವನ್ನೇ ಪತ್ತೇದಾರನ ಕಣ್ಣಾಗಿಸಿದ. ಹೆಚ್ಚಿನ ದೃಶ್ಯಗಳಲ್ಲಿ ಅವನು ಕಾಣುವುದು ಕನ್ನಡಿಗಳಲ್ಲಷ್ಟೇ. ಧೈರ್ಯದ ಪ್ರಯೋಗ, ಆದರೆ ಓದುವಾಗ ಹತ್ತಿರವಾಗುವ ‘ನಾನು’ ಅಲ್ಲಿ ದೂರವೇ ಉಳಿಯುತ್ತಾನೆ. ಹಾಡಿನ ಚಿತ್ರಗಳ ನಾಯಕ ಡಿಕ್ ಪವೆಲ್ 1944ರಲ್ಲೇ ಮಾರ್ಲೋ ಆಗಿದ್ದ. ಜನ ಅದನ್ನೂ ಸಂಗೀತಚಿತ್ರ ಎಂದುಕೊಂಡಾರೆಂದು ‘ಫೇರ್‌ವೆಲ್, ಮೈ ಲವ್ಲಿ’ ಎಂಬ ಹೆಸರನ್ನೇ ಅಮೆರಿಕದಲ್ಲಿ ಬದಲಿಸಬೇಕಾಯಿತು. 1975ರಲ್ಲಿ ಅದೇ ಕತೆಗೆ ಬಂದ ರಾಬರ್ಟ್ ಮಿಚಮ್‌ಗೆ ಐವತ್ತು ದಾಟಿ ವರ್ಷಗಳಾಗಿದ್ದವು. ವಯಸ್ಸು ಹೊಂದಲಿಲ್ಲ, ದಣಿವು ಮಾತ್ರ ಪೂರಾ ಹೊಂದಿತು.

ಹಾಗೆಂದು ಓದುಗರ ತಕರಾರು ಯಾವಾಗಲೂ ಹುರುಳಿಲ್ಲದ್ದಲ್ಲ. ಲೀ ಚೈಲ್ಡ್‌ನ ಕಾದಂಬರಿಗಳ ನಾಯಕ ಜ್ಯಾಕ್ ರೀಚರ್ 6 ಅಡಿ 5 ಅಂಗುಲದವನು. ಅವನು ಒಳಗೆ ಕಾಲಿಟ್ಟರೆ ಎದುರಾಳಿಗಳು ಮೊದಲು ಅಳೆಯುವುದು ಅವನ ಮೈಯನ್ನು, ಜಗಳದ ಲೆಕ್ಕಾಚಾರ ಶುರುವಾಗುವುದೇ ಅಲ್ಲಿಂದ. 2012 ಮತ್ತು 2016ರ ಚಿತ್ರಗಳಲ್ಲಿ ಟಾಮ್ ಕ್ರೂಸ್ ಬಂದಾಗ ಓದುಗರು ಸಿಟ್ಟಾದರು. ಗಾತ್ರದ ವಿಷಯದಲ್ಲಿ ಅವರದೇ ಸರಿ ಎಂದು ಲೇಖಕನೂ ಆಮೇಲೆ ಒಪ್ಪಿದ. 2022ರ ಟಿವಿ ಸರಣಿಯಲ್ಲಿ ಆಜಾನುಬಾಹು ಅಲನ್ ರಿಚ್ಸನ್ ಬಂದ.

ಪತ್ತೇದಾರನ ಮೈಯೇ ಕತೆಯನ್ನು ನಡೆಸುತ್ತಿದ್ದರೆ ಅದನ್ನು ಬದಲಿಸಬಾರದು ಎಂಬುದು ನನ್ನ ಖಚಿತ ನಿಲುವು. ವಾಲ್ಟರ್ ಮೋಸ್ಲಿಯ ಕಾದಂಬರಿಗಳ ಈಜಿ ರಾಲಿನ್ಸ್‌ಗೆ 1948ರ ಲಾಸ್ ಏಂಜಲೀಸ್‌ನಲ್ಲಿ ಪತ್ತೇದಾರಿಯ ಮೊದಲ ಕೆಲಸ ಸಿಗುವುದೇ ಅವನು ಕಪ್ಪುಜನಾಂಗದವನೆಂದು; ಬಿಳಿಯನೊಬ್ಬ ಕೇಳಿ ತಿಳಿಯಲಾಗದ ಕಡೆಗಳಲ್ಲಿ ಅವನು ವಿಚಾರಿಸಬಲ್ಲ. 1995ರ ಸಿನಿಮಾದಲ್ಲಿ ಡೆನ್ಜಿಲ್ ವಾಷಿಂಗ್ಟನ್ ಆ ಎಚ್ಚರವನ್ನೂ ಭಯವನ್ನೂ ಮೈಯಲ್ಲೇ ತೋರಿಸಿದ. ಕಾದಂಬರಿಗಳು ಒಂದರ ಮೇಲೊಂದು ಬಂದವು, ವಾಷಿಂಗ್ಟನ್ ಮಾತ್ರ ಆ ಪಾತ್ರಕ್ಕೆ ಮರಳಲಿಲ್ಲ. ಅದರ ಕೊರಗು ನನಗೆ ಇನ್ನೂ ಇದೆ.