ಆಫ್ ಮಾಡಿದ ಮೇಲೂ ಮುಗಿಯದ ಜಗಳ

ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಹಾಕಿಕೊಂಡವರ ದೂರುಗಳನ್ನು ಕೇಳಬೇಕು. ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದರೆ ಗಡಿಯಾರ ತಪ್ಪು ಸಮಯ ತೋರಿಸುತ್ತದೆ. ನಿನ್ನೆ ಚೆನ್ನಾಗಿದ್ದ ಬ್ಲೂಟೂತ್ ಹೆಡ್‌ಫೋನ್ ಇವತ್ತು ಕನೆಕ್ಟ್ ಆಗುವುದಿಲ್ಲ. ಲಿನಕ್ಸ್‌ನಲ್ಲಿ ವಿಂಡೋಸ್‌ನ ಡ್ರೈವ್ ತೆರೆಯುತ್ತದೆ, ಆದರೆ ಅದರೊಳಗೆ ಒಂದು ಫೈಲ್ ಕೂಡ ಸೇವ್ ಮಾಡಲು ಬಿಡುವುದಿಲ್ಲ. ಒಂದು ರಾತ್ರಿ ವಿಂಡೋಸ್ ಅಪ್‌ಡೇಟ್ ಆಗುತ್ತದೆ, ಬೆಳಿಗ್ಗೆ ನೋಡಿದರೆ ಲಿನಕ್ಸ್ ಶುರುವಾಗುವುದೇ ಇಲ್ಲ.

ಈ ಎರಡೂ ಆಪರೇಟಿಂಗ್ ಸಿಸ್ಟಮ್‌ಗಳು ಯಾವತ್ತೂ ಒಟ್ಟಿಗೆ ಓಡುವುದಿಲ್ಲ. ಒಂದು ಕೆಲಸ ಮಾಡುವಾಗ ಇನ್ನೊಂದು ಡಿಸ್ಕಿನ ಮೇಲೆ ಸುಮ್ನೆ ಬಿದ್ದಿರುವ ಫೈಲುಗಳ ರಾಶಿ, ಅಷ್ಟೇ. ಮುಖಾಮುಖಿ ಆಗದವರ ನಡುವೆ ಜಗಳ ಹೇಗೆ ಬರುತ್ತದೆ?

ಮೊದಲು, ಅವು ಯಾಕೆ ಒಟ್ಟಿಗೆ ಓಡುವುದಿಲ್ಲ ಎಂದು ನೋಡೋಣ. ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಪ್ರೊಸೆಸರ್‌ನಲ್ಲಿ ಅದಕ್ಕೆಂದೇ ಒಂದು ವಿಶೇಷ ಅಧಿಕಾರದ ಸ್ಥಿತಿ ಇದೆ. ಮೆಮೊರಿಯ ಯಾವ ಭಾಗ ಯಾರಿಗೆ, ಕೀಲಿ ಒತ್ತಿದಾಗ ಯಾರು ಉತ್ತರ ಕೊಡಬೇಕು, ಡಿಸ್ಕಿಗೆ ಯಾರು ಬರೆಯಬೇಕು ಎಂಬುದನ್ನೆಲ್ಲ ಆ ಸ್ಥಿತಿಯಲ್ಲಿ ಕೂತ ಕರ್ನಲ್ ಒಂದೇ ತೀರ್ಮಾನಿಸುತ್ತದೆ. ಶುರುವಾದ ಕೂಡಲೇ ಇಡೀ ಯಂತ್ರ ತನ್ನದೇ ಎಂದುಕೊಳ್ಳುವಂತೆ ಅದನ್ನು ಬರೆದಿರುತ್ತಾರೆ. ಹಾಗಾಗಿ ಡ್ಯುಯಲ್ ಬೂಟ್, ಅಂದರೆ ಆನ್ ಮಾಡುವಾಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಏರ್ಪಾಡು, ಒಂದೇ ಕೋಣೆಯಲ್ಲಿ ಒಬ್ಬರು ಹಗಲು, ಇನ್ನೊಬ್ಬರು ರಾತ್ರಿ ಇದ್ದ ಹಾಗೆ. ಒಬ್ಬರ ಮುಖ ಇನ್ನೊಬ್ಬರು ನೋಡುವುದಿಲ್ಲ. ಜಗಳವೆಲ್ಲ ಬರುವುದು ಬಿಟ್ಟುಹೋದ ಸಾಮಾನುಗಳಿಂದ.

ಕರೆಂಟ್ ಹೋದ ಮೇಲೂ ಕಂಪ್ಯೂಟರ್‌ನಲ್ಲಿ ಉಳಿಯುವ ಜಾಗಗಳು ಕಡಿಮೆ. ಡಿಸ್ಕ್, ಮದರ್‌ಬೋರ್ಡ್ ಮೇಲಿನ ಪುಟ್ಟ ಫ್ಲ್ಯಾಶ್ ಮೆಮೊರಿ, ಬ್ಯಾಟರಿಯಿಂದ ಓಡುವ ಗಡಿಯಾರ, ಭದ್ರತೆಗೆಂದು ಇಟ್ಟಿರುವ ಟಿಪಿಎಂ ಚಿಪ್. ಮೇಲೆ ಹೇಳಿದ ದೂರುಗಳಲ್ಲಿ ಹೆಡ್‌ಫೋನಿನದೊಂದನ್ನು ಬಿಟ್ಟರೆ ಉಳಿದವೆಲ್ಲ ಇವುಗಳಲ್ಲಿ ಒಂದಕ್ಕೆ ಸೇರುತ್ತವೆ. ಹೆಡ್‌ಫೋನಿನ ಗುಟ್ಟು ಹೆಡ್‌ಫೋನಿನಲ್ಲೇ ಇದೆ, ಆಮೇಲೆ ಹೇಳುತ್ತೇನೆ.

ಹಳೆಯ ಜಗಳ ಡಿಸ್ಕಿನ ಮೊಟ್ಟಮೊದಲ ತುಣುಕಿಗಾಗಿ ನಡೆದದ್ದು. 1983ರಲ್ಲಿ ಐಬಿಎಂ ಪಿಸಿಗಳಿಗೆ ಪಿಸಿ ಡಾಸ್ 2.0 ಎಂಬ ಆಪರೇಟಿಂಗ್ ಸಿಸ್ಟಮ್ ಬಂದಾಗ ಮಾಸ್ಟರ್ ಬೂಟ್ ರೆಕಾರ್ಡ್ ಎಂಬ ವ್ಯವಸ್ಥೆಯೂ ಬಂತು. ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಎಲ್ಲವೂ ಹಿಡಿಯಬೇಕು. 446 ಬೈಟ್ ಶುರು ಮಾಡುವ ಪ್ರೋಗ್ರಾಮ್‌ಗೆ, 64 ಬೈಟ್ ಪಾರ್ಟಿಷನ್‌ಗಳ (ಡಿಸ್ಕನ್ನು ಪಾಲು ಮಾಡಿದ ಭಾಗಗಳ) ಪಟ್ಟಿಗೆ, ಕೊನೆಯ 2 ಬೈಟ್ ಇದು ಸರಿಯಾದ ದಾಖಲೆ ಎಂದು ಹೇಳುವ ಗುರುತಿಗೆ. ಪಟ್ಟಿಯಲ್ಲಿ ನಾಲ್ಕೇ ಸಾಲು, ಹಾಗಾಗಿ ನಾಲ್ಕೇ ಮುಖ್ಯ ಪಾರ್ಟಿಷನ್. ಸುಮಾರು 2 ಟೆರಾಬೈಟ್‌ಗಿಂತ ದೊಡ್ಡ ಡಿಸ್ಕ್ ಆದರೆ ಉಳಿದ ಭಾಗದ ವಿಳಾಸ ಬರೆಯಲು ಅದರಲ್ಲಿ ಜಾಗವೇ ಇಲ್ಲ.

ಶುರು ಮಾಡುವ ಪ್ರೋಗ್ರಾಮ್‌ಗೆ ಡಿಸ್ಕಿನಲ್ಲಿ ಇದ್ದದ್ದು ಈ ಒಂದೇ ಕುರ್ಚಿ. ವಿಂಡೋಸ್ ಇನ್‌ಸ್ಟಾಲ್ ಮಾಡಿದರೆ ಅದು ಯಾರನ್ನೂ ಕೇಳದೆ ತನ್ನದನ್ನು ಬರೆದುಬಿಡುತ್ತಿತ್ತು. ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಎಂಬ ಹಳೆಯ ಬುದ್ಧಿಮಾತು ಹುಟ್ಟಿದ್ದು ಇಲ್ಲಿಂದ. ಲಿನಕ್ಸ್ ಜೊತೆ ಬರುವ ಗ್ರಬ್ ಎಂಬ ಬೂಟ್‌ಲೋಡರ್ (ಶುರು ಮಾಡುವ ಪ್ರೋಗ್ರಾಮ್) ಇನ್ನೊಂದು ಉಪಾಯ ಮಾಡಿತು. 446 ಬೈಟ್‌ನಲ್ಲಿ ಮೆನು ತೋರಿಸುವಷ್ಟು ಕೋಡ್ ಹಿಡಿಯುವುದಿಲ್ಲ. ಮೊದಲ ತುಣುಕಿಗೂ ಮೊದಲ ಪಾರ್ಟಿಷನ್‌ಗೂ ನಡುವೆ ಒಂದಿಷ್ಟು ಖಾಲಿ ಜಾಗ ಇರುತ್ತಿತ್ತು. ಗ್ರಬ್ ಉಳಿದ ಕೋಡನ್ನು ಅಲ್ಲಿ ಇಟ್ಟಿತು. ಆದರೆ ಆ ಜಾಗ ಅಧಿಕೃತವಾಗಿ ಯಾರದ್ದೂ ಅಲ್ಲ. ದುಡ್ಡು ಕೊಟ್ಟು ಕೊಳ್ಳುವ ಕೆಲವು ವಿಂಡೋಸ್ ಸಾಫ್ಟ್‌ವೇರ್‌ಗಳು ತಮ್ಮ ಲೈಸೆನ್ಸ್ ಗುರುತನ್ನು ಅದೇ ಜಾಗದಲ್ಲಿ ಬಚ್ಚಿಡುತ್ತಿದ್ದವು. ಅಂಥ ಸಾಫ್ಟ್‌ವೇರ್ ಒಮ್ಮೆ ಓಡಿತೋ, ಗ್ರಬ್‌ನ ಒಂದು ತುಂಡು ಹಾಳು. ಕೊನೆಗೆ ಗ್ರಬ್ ಬರೆದವರು ಆ ಕೋಡಿಗೆ ರೀಡ್-ಸಾಲೊಮನ್ ಎಂಬ ದೋಷ ತಿದ್ದುವ ಗಣಿತವನ್ನೇ ಜೋಡಿಸಿದರು. ಗೀರು ಬಿದ್ದ ಸಿ.ಡಿ.ಯಿಂದಲೂ ಹಾಡು ಕೇಳುವಂತೆ ಮಾಡುವುದು ಇದೇ ತಂತ್ರ. ಅಕ್ಕಪಕ್ಕದ ಸಾಫ್ಟ್‌ವೇರ್ ತನ್ನ ಮೇಲೆ ಬರೆದರೂ ಬದುಕಿಕೊಳ್ಳಲು ಬೂಟ್‌ಲೋಡರ್ ಒಂದು ಇಷ್ಟು ದೂರ ಹೋಗಬೇಕಾಯಿತಲ್ಲ!

ಈಗಿನ ಕಂಪ್ಯೂಟರ್‌ಗಳಲ್ಲಿ ಆ ಕುರ್ಚಿಯ ಜಗಳ ಬಹುಪಾಲು ಮುಗಿದಿದೆ. ಇಂಟೆಲ್ ಶುರು ಮಾಡಿದ ಇಎಫ್‌ಐ ಎಂಬ ವ್ಯವಸ್ಥೆ 2005ರಿಂದ ಹಲವು ಕಂಪನಿಗಳ ಒಕ್ಕೂಟದ ಕೈಗೆ ಬಂದು ಯುಇಎಫ್‌ಐ ಆಯಿತು. ಇದರಲ್ಲಿ ಫರ್ಮ್‌ವೇರ್‌ಗೇ, ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ ಮದರ್‌ಬೋರ್ಡಿನ ಪ್ರೋಗ್ರಾಮ್‌ಗೇ, ಫೈಲ್ ಓದಲು ಬರುತ್ತದೆ. ಡಿಸ್ಕಿನಲ್ಲಿ ಇಎಫ್‌ಐ ಪಾರ್ಟಿಷನ್ ಎಂಬ ಸಣ್ಣ ಭಾಗ ಇರುತ್ತದೆ. ಅದರಲ್ಲಿ ವಿಂಡೋಸ್‌ಗೆ ಒಂದು ಫೋಲ್ಡರ್, ಲಿನಕ್ಸ್‌ಗೆ ಇನ್ನೊಂದು. ಒಬ್ಬರ ಮೇಲೆ ಒಬ್ಬರು ಬರೆಯುವ ಅಗತ್ಯವೇ ಇಲ್ಲ. ಪಾರ್ಟಿಷನ್ ಪಟ್ಟಿಯೂ ಬದಲಾಗಿ ಜಿಪಿಟಿ ಬಂತು. ಸಾಮಾನ್ಯವಾಗಿ 128 ಸಾಲು, ಜೊತೆಗೆ ಡಿಸ್ಕಿನ ಕೊನೆಯಲ್ಲಿ ಅದರದೇ ಇನ್ನೊಂದು ಪ್ರತಿ.

ಹಾಗಂತ ಶಾಂತಿ ನೆಲೆಸಿತು ಎಂದಲ್ಲ. ಯಾವುದನ್ನು ಮೊದಲು ಶುರು ಮಾಡಬೇಕು ಎಂಬ ಪಟ್ಟಿ ಮದರ್‌ಬೋರ್ಡಿನ ಮೆಮೊರಿಯಲ್ಲಿ ಇರುತ್ತದೆ. ಅದನ್ನು ಯಾರು ಬೇಕಾದರೂ ತಿದ್ದಬಹುದು. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಲಿನಕ್ಸ್ ಕಾಣದಾದರೆ ಗಾಬರಿ ಬೇಡ. ಸಾಮಾನ್ಯವಾಗಿ ಏನೂ ಅಳಿದಿರುವುದಿಲ್ಲ, ಪಟ್ಟಿಯಲ್ಲಿ ವಿಂಡೋಸ್ ಮೇಲೆ ಹೋಗಿರುತ್ತದೆ ಅಷ್ಟೇ. ಫರ್ಮ್‌ವೇರ್ ಸೆಟ್ಟಿಂಗ್‌ಗೆ ಹೋಗಿ ಕ್ರಮ ಬದಲಿಸಿದರೆ ಸಾಕು. ಇದಕ್ಕೆ ಉಲ್ಟಾ ಕಥೆಯೂ ಇದೆ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳನ್ನು ಹುಡುಕುವ ಕೆಲಸವನ್ನು ಸುರಕ್ಷತೆಯ ಕಾರಣಕ್ಕೆ ಮೊದಲೇ ಆಫ್ ಮಾಡಿಟ್ಟಿದ್ದಾರೆ. ಕೆಲವು ಲಿನಕ್ಸ್‌ಗಳಲ್ಲಿ ಇನ್‌ಸ್ಟಾಲ್ ಮುಗಿದ ಮೇಲೆ ಮೆನುವಿನಲ್ಲಿ ವಿಂಡೋಸ್ ಕಾಣದಿರುವುದು ಇದರಿಂದಲೇ. ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬದಲಿಸಿ ಮೆನುವನ್ನು ಹೊಸದಾಗಿ ಬರೆಸಿದರೆ ವಿಂಡೋಸ್ ವಾಪಸ್ ಬರುತ್ತದೆ.

ಹೊಸ ಪಾರ್ಟಿಷನ್‌ಗೆ ಜಾಗ ಮಾಡುವ ಬಗ್ಗೆ ಎರಡೇ ಮಾತು. ಬ್ಯಾಕಪ್ ಬೇರೆ ಡಿಸ್ಕಿಗೆ ತೆಗೆದಿಡಿ. ವಿಂಡೋಸ್ ಪಾರ್ಟಿಷನ್ ಅನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಚಿಕ್ಕದು ಮಾಡಿ. ಅರ್ಧ ಡಿಸ್ಕ್ ಖಾಲಿ ಇದ್ದರೂ ಸ್ವಲ್ಪವೇ ಬಿಟ್ಟುಕೊಡುತ್ತೇನೆ ಎಂದು ಅದು ಹಟ ಹಿಡಿಯುವುದುಂಟು. ಪೇಜ್ ಫೈಲ್ (ಮೆಮೊರಿ ಸಾಲದಾಗ ಬಳಸುವುದು), ಹೈಬರ್ನೇಷನ್ ಫೈಲ್ (ಮಲಗುವಾಗ ಮೆಮೊರಿಯನ್ನು ಬರೆದಿಡುವುದು) ಇಂಥವು ನಡುವೆ ಎಲ್ಲೋ ಕೂತಿರುತ್ತವೆ, ಓಡುತ್ತಿರುವ ವಿಂಡೋಸ್ ಅವುಗಳನ್ನು ಸರಿಸುವುದಿಲ್ಲ. ಅವನ್ನು ತಾತ್ಕಾಲಿಕವಾಗಿ ಆಫ್ ಮಾಡಿದರೆ ಹೆಚ್ಚಿನ ಸಲ ದಾರಿ ಬಿಡುತ್ತದೆ.

ಹೈಬರ್ನೇಷನ್ ಎಂದ ಕೂಡಲೇ ನಿಜವಾದ ಅಪಾಯ ಎಲ್ಲಿದೆ ಎಂದು ಹೇಳಬೇಕು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬುದು ಬಂದಿದೆ. ಇದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ಕಂಪ್ಯೂಟರ್ ಪೂರ್ತಿ ಮುಚ್ಚುವುದಿಲ್ಲ. ನಿಮ್ಮ ಪ್ರೋಗ್ರಾಮ್‌ಗಳು ಮುಚ್ಚುತ್ತವೆ, ಆದರೆ ಕರ್ನಲ್ ತನ್ನ ನೆನಪನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಮುಂದಿನ ಸಲ ಬೇಗ ಏಳುವುದು ಅದಕ್ಕೇ. ಆ ನೆನಪಿನಲ್ಲಿ ಡಿಸ್ಕಿನ ಫೈಲುಗಳ ವಿವರವೂ ಸೇರಿದೆ. ಈ ನಡುವೆ ನೀವು ಲಿನಕ್ಸ್ ಶುರು ಮಾಡಿ ಆ ಪಾರ್ಟಿಷನ್‌ನಲ್ಲಿ ಹತ್ತು ಫೋಟೋ ಸೇರಿಸಿದಿರಿ ಎನ್ನಿ. ಎದ್ದ ವಿಂಡೋಸ್‌ಗೆ ಅದು ಗೊತ್ತಿಲ್ಲ. ತನ್ನ ಲೆಕ್ಕದಲ್ಲಿ ಖಾಲಿ ಇರುವ ಜಾಗ ಎಂದು ಅದೇ ಫೋಟೋಗಳ ಮೇಲೆ ಬರೆಯಬಹುದು, ಇಡೀ ಪಾರ್ಟಿಷನ್‌ನ ಲೆಕ್ಕವೇ ಕೆಡಬಹುದು. ಲಿನಕ್ಸ್ ಆ ಡ್ರೈವ್‌ಗೆ ಬರೆಯಲು ಬಿಡದೆ ತಡೆಯುವುದು ಈ ಅನಾಹುತ ತಪ್ಪಿಸಲು. ಅದನ್ನು ದೋಷ ಎಂದುಕೊಂಡು ಬಲವಂತವಾಗಿ ಬರೆಯಿಸುವ ಉಪಾಯ ಹುಡುಕುವವರಿದ್ದಾರೆ. ದಯವಿಟ್ಟು ಬೇಡ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದೇ ಸರಿಯಾದ ಮದ್ದು. ಇನ್ನೊಂದು ತಮಾಷೆ ಕೇಳಿ: ರೀಸ್ಟಾರ್ಟ್ ಕೊಟ್ಟರೆ ವಿಂಡೋಸ್ ನಿಜವಾಗಿಯೂ ಪೂರ್ತಿ ಮುಚ್ಚಿ ಹೊಸದಾಗಿ ಶುರುವಾಗುತ್ತದೆ. ಅಂದರೆ ಶಟ್‌ಡೌನ್‌ಗಿಂತ ರೀಸ್ಟಾರ್ಟೇ ಜಾಸ್ತಿ ಶಟ್‌ಡೌನ್!

ಇನ್ನು ಗಡಿಯಾರ. ಮದರ್‌ಬೋರ್ಡ್ ಮೇಲೆ ಬ್ಯಾಟರಿಯಿಂದ ಓಡುವ ಗಡಿಯಾರದ ಚಿಪ್ 1984ರ ಐಬಿಎಂ ಪಿಸಿ ಎಟಿಯಲ್ಲೇ ಇತ್ತು. ಅದರಲ್ಲಿ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್ ಇವೆ. ಯಾವ ಊರಿನ ಸಮಯ ಎಂದು ಬರೆಯಲು ಜಾಗ ಇಲ್ಲ. ಡಾಸ್ ಕಾಲದಿಂದಲೂ ವಿಂಡೋಸ್ ಅದರಲ್ಲಿ ಸ್ಥಳೀಯ ಸಮಯ ಇಡುತ್ತದೆ. ಯುನಿಕ್ಸ್ ಎಂಬ ಹಳೆಯ ಸಿಸ್ಟಮ್‌ನ ಪರಂಪರೆಯ ಲಿನಕ್ಸ್ ಸಾರ್ವತ್ರಿಕ ಸಮಯ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಯುಟಿಸಿ ಇಡುತ್ತದೆ. ಎರಡರ ಅಂತರ ಎಷ್ಟೋ, ಸಮಯ ಅಷ್ಟು ತಪ್ಪುತ್ತದೆ. ಲಿನಕ್ಸ್‌ಗೆ ಸ್ಥಳೀಯ ಸಮಯ ಬಳಸು ಎಂದು ಹೇಳುವುದು ಸುಲಭ, ಒಂದೇ ಕಮಾಂಡ್. ಆದರೆ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶಗಳಲ್ಲಿ ಎರಡೂ ಸಿಸ್ಟಮ್‌ಗಳು ಒಂದೊಂದು ಗಂಟೆ ಮುಂದಿಟ್ಟು ಹೊಸ ಗೊಂದಲ ಆಗುತ್ತದೆ. ನನ್ನ ಪ್ರಕಾರ ವಿಂಡೋಸ್‌ನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯ ಸೇರಿಸಿ, ಅದೂ ಸಾರ್ವತ್ರಿಕ ಸಮಯ ಬಳಸುವಂತೆ ಮಾಡುವುದೇ ಒಳ್ಳೆಯದು.

ಹೆಡ್‌ಫೋನಿನ ವಿಷಯಕ್ಕೆ ಬರೋಣ. ಬ್ಲೂಟೂತ್ ಪೇರ್ ಮಾಡುವಾಗ ಎರಡೂ ಕಡೆ ಸೇರಿ ಒಂದು ಗುಟ್ಟಿನ ಕೀಲಿ ಮಾಡಿಕೊಳ್ಳುತ್ತವೆ. ಹೆಡ್‌ಫೋನ್ ಅದನ್ನು ಕಂಪ್ಯೂಟರ್‌ನ ಬ್ಲೂಟೂತ್ ವಿಳಾಸದ ಹೆಸರಿನಲ್ಲಿ ನೆನಪಿಡುತ್ತದೆ. ವಿಳಾಸ ಇರುವುದು ಬ್ಲೂಟೂತ್ ಚಿಪ್‌ಗೆ, ಆಪರೇಟಿಂಗ್ ಸಿಸ್ಟಮ್‌ಗಲ್ಲ. ಹಾಗಾಗಿ ಲಿನಕ್ಸ್‌ನಲ್ಲಿ ಪೇರ್ ಮಾಡಿದರೆ ಅದೇ ವಿಳಾಸಕ್ಕೆ ಹೊಸ ಕೀಲಿ ಬರುತ್ತದೆ, ವಿಂಡೋಸ್ ಬಳಿ ಇರುವ ಹಳೆಯ ಕೀಲಿ ವ್ಯರ್ಥ. ಎರಡೂ ಕಡೆ ಒಂದೇ ಕೀಲಿ ಇರಬೇಕು. ವಿಂಡೋಸ್‌ನ ರಿಜಿಸ್ಟ್ರಿಯಿಂದ ಅದನ್ನು ತೆಗೆದು ಲಿನಕ್ಸ್‌ನ ಬ್ಲೂಟೂತ್ ಫೈಲಿಗೆ ಬರೆದರೆ ಜಗಳ ಮುಗಿಯಿತು. ಸ್ವಲ್ಪ ತಾಳ್ಮೆ ಬೇಕು, ಆದರೆ ಮಾಡಬಹುದಾದ ಕೆಲಸ.

ಭದ್ರತೆಯ ಕಡೆಯಿಂದ ಬರುವ ತೊಂದರೆ ಹೊಸದು. 2012ರಲ್ಲಿ ವಿಂಡೋಸ್ 8 ಜೊತೆಗೆ ಸೆಕ್ಯೂರ್ ಬೂಟ್ ಮನೆಯ ಕಂಪ್ಯೂಟರ್‌ಗಳಿಗೆ ಬಂತು. ನಂಬುವ ಡಿಜಿಟಲ್ ಸಹಿ ಇಲ್ಲದ ಬೂಟ್‌ಲೋಡರನ್ನು ಫರ್ಮ್‌ವೇರ್ ಓಡಿಸುವುದಿಲ್ಲ. ಹೆಚ್ಚಿನ ಕಂಪ್ಯೂಟರ್‌ಗಳು ನಂಬುವುದು ಮೈಕ್ರೋಸಾಫ್ಟ್‌ನ ಸಹಿಯನ್ನು. ಅದಕ್ಕೇ ಲಿನಕ್ಸ್‌ನವರು ಶಿಮ್ ಎಂಬ ಪುಟ್ಟ ಪ್ರೋಗ್ರಾಮ್‌ಗೆ ಆ ಸಹಿ ಹಾಕಿಸಿಕೊಂಡು, ಅದರ ಮೂಲಕ ಗ್ರಬ್ ಓಡಿಸುತ್ತಾರೆ. ದೋಷ ಪತ್ತೆಯಾದ ಹಳೆಯ ಆವೃತ್ತಿಗಳನ್ನು ತಿರಸ್ಕರಿಸುವ ನಿಯಮವೂ ಮದರ್‌ಬೋರ್ಡಿನ ಮೆಮೊರಿಯಲ್ಲೇ ಇರುತ್ತದೆ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಆ ನಿಯಮವನ್ನು ಬಿಗಿ ಮಾಡಿತು. ಡ್ಯುಯಲ್ ಬೂಟ್ ಇರುವ ಕಂಪ್ಯೂಟರ್‌ಗಳಿಗೆ ಇದು ಅನ್ವಯಿಸುವುದಿಲ್ಲ ಎಂದು ಹೇಳಲಾಗಿತ್ತು. ಆದರೆ ಅಂಥ ಕೆಲವು ಕಂಪ್ಯೂಟರ್‌ಗಳನ್ನು ಗುರುತಿಸುವಲ್ಲಿ ಅಪ್‌ಡೇಟ್ ಸೋತಿತು, ಅವುಗಳಲ್ಲಿ ಲಿನಕ್ಸ್ ಶುರುವಾಗದೆ ನಿಂತಿತು.

ಇನ್‌ಸ್ಟಾಲ್ ಮಾಡುವ ಮುಂಚೆ ತಪ್ಪದೆ ನೋಡಬೇಕಾದದ್ದು ಬಿಟ್‌ಲಾಕರ್, ಅಂದರೆ ಡಿಸ್ಕಿನಲ್ಲಿರುವುದನ್ನು ಗೂಢಲಿಪಿಯಲ್ಲಿ ಬಚ್ಚಿಡುವ ವಿಂಡೋಸ್‌ನ ಸೌಲಭ್ಯ. ಡಿಸ್ಕಿನ ಗೂಢಲಿಪಿಯ ಕೀಲಿಯನ್ನು ಟಿಪಿಎಂ ಚಿಪ್ ಕಾಯುತ್ತದೆ. ಕಂಪ್ಯೂಟರ್ ಶುರುವಾದ ರೀತಿ ಎಂದಿನಂತಿದ್ದರೆ ಮಾತ್ರ ಕೀಲಿ ಕೊಡುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದಿರೋ, ಅದಕ್ಕೆ ಅನುಮಾನ ಬರುತ್ತದೆ. ಪರದೆ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಗೂಢಲಿಪಿ ಎಷ್ಟೋ ಸಲ ಮಾಲೀಕರಿಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಆ ಕೀ ಎಲ್ಲಿದೆ ಎಂದು ಮೊದಲು ಹುಡುಕಿ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಫೈಲುಗಳನ್ನು ವಾಪಸ್ ಪಡೆಯುವ ದಾರಿ ಇಲ್ಲದೇ ಹೋಗಬಹುದು.

ಇಷ್ಟೆಲ್ಲ ರಗಳೆ ಬೇಕಾ? ಪ್ರೋಗ್ರಾಮಿಂಗ್ ಕಲಿಯಲು, ಲಿನಕ್ಸ್ ಹೇಗಿದೆ ಎಂದು ನೋಡಲು ಬೇಡ ಅನ್ನುತ್ತೇನೆ. ವರ್ಚುವಲ್ ಮೆಷಿನ್, ಅಂದರೆ ವಿಂಡೋಸ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್, ಸಾಕು. ಒಂದು ಯಂತ್ರವನ್ನು ಹಲವು ಯಂತ್ರಗಳಂತೆ ತೋರಿಸುವ ಕೆಲಸವನ್ನು ಐಬಿಎಂ 1960ರ ದಶಕದಲ್ಲೇ ಮಾಡಿತ್ತು. 2005ರ ಹೊತ್ತಿಗೆ ಇಂಟೆಲ್, ಮರುವರ್ಷ ಎಎಂಡಿ ಅದಕ್ಕೆ ಬೇಕಾದ ನೆರವನ್ನು ಮನೆಯ ಪ್ರೊಸೆಸರ್‌ಗಳಿಗೂ ತಂದವು. ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಸೌಲಭ್ಯವೂ ಈಗ ಇದೆ. ಡ್ಯುಯಲ್ ಬೂಟ್‌ಗೆ ಅರ್ಥ ಇರುವುದು ಗ್ರಾಫಿಕ್ಸ್ ಕಾರ್ಡಿನ ಪೂರ್ತಿ ಶಕ್ತಿ ಬೇಕಾದಾಗ, ಅಥವಾ ಎರಡನ್ನು ಒಟ್ಟಿಗೆ ಹೊರುವಷ್ಟು ರ‍್ಯಾಮ್ ಇಲ್ಲದ ಹಳೆಯ ಕಂಪ್ಯೂಟರ್‌ನಲ್ಲಿ. ಇನ್ನೊಂದು ಡಿಸ್ಕ್ ಹಾಕಲು ಜಾಗ ಇದ್ದರೆ ಮರುಮಾತಿಲ್ಲದೆ ಹಾಕಿ. ಇನ್‌ಸ್ಟಾಲ್ ಮಾಡುವಾಗ ಆಯಾ ಡಿಸ್ಕಿನಲ್ಲೇ ಆಯಾ ಸಿಸ್ಟಮ್‌ನ ಇಎಫ್‌ಐ ಪಾರ್ಟಿಷನ್ ಇರುವಂತೆ ನೋಡಿಕೊಂಡರೆ ಅರ್ಧ ತಲೆನೋವು ಕಡಿಮೆ.

ಲಿನಕ್ಸ್ ಸಾಕಾಯಿತು ಎಂದು ತೆಗೆಯುವವರೂ ಇರುತ್ತಾರೆ. ಅವರು ಪಾರ್ಟಿಷನ್ ಅಳಿಸಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಮುಂದಿನ ಸಲ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಗ್ರಬ್ ಎಂಬ ಹೆಸರು, ಪಕ್ಕದಲ್ಲಿ ಮಿನುಗುವ ಕರ್ಸರ್. ಇಎಫ್‌ಐ ಪಾರ್ಟಿಷನ್‌ನಲ್ಲಿ ಗ್ರಬ್ ಇನ್ನೂ ಇದೆ, ಮದರ್‌ಬೋರ್ಡಿನ ಪಟ್ಟಿಯಲ್ಲೂ ಮೊದಲ ಸಾಲಿನಲ್ಲಿದೆ, ಅದರ ಮೆನುವಿನ ಫೈಲ್ ಮಾತ್ರ ಅಳಿಸಿದ ಪಾರ್ಟಿಷನ್ ಜೊತೆ ಹೋಗಿದೆ. ವಿಂಡೋಸ್‌ಗೆ ಏನೂ ಆಗಿರುವುದಿಲ್ಲ. ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತನ್ನಿ. ವಿಂಡೋಸ್ ಒಳಗೆ ಹೋದ ಮೇಲೆ ಇಎಫ್‌ಐ ಪಾರ್ಟಿಷನ್‌ನಲ್ಲಿರುವ ಲಿನಕ್ಸ್ ಫೋಲ್ಡರನ್ನೂ, ಬೂಟ್ ಪಟ್ಟಿಯಲ್ಲಿರುವ ಅದರ ಸಾಲನ್ನೂ ಅಳಿಸಿ. ವಿಂಡೋಸ್‌ನ ಫೋಲ್ಡರ್ ಕೂಡ ಪಕ್ಕದಲ್ಲೇ ಇರುತ್ತದೆ, ಹೆಸರು ನೋಡಿಕೊಂಡು ಅಳಿಸಿ.